ಹುಳ ಬೇಡ, ಬಾಗಿಲು ಸಾಕು

ನವೆಂಬರ್ ಬಂತೆಂದರೆ ಕನ್ನಡದಲ್ಲಿ ಪುಸ್ತಕಗಳ ಸುಗ್ಗಿ. ಒಳಗಿನ ಇನ್ನೂರು ಪುಟಕ್ಕೆ ವರ್ಷಗಟ್ಟಲೆ ಬೆವರು ಸುರಿಸುವ ಲೇಖಕ, ಹೊರಗಿನ ಒಂದು ಪುಟವನ್ನು ಕೊನೆಯ ವಾರಕ್ಕೆ ಬಿಟ್ಟಿರುತ್ತಾನೆ. ಆಮೇಲೆ ಕಲಾವಿದನನ್ನು ಬೈಯುತ್ತಾನೆ. ನಿಜ ಹೇಳಬೇಕೆಂದರೆ, ಬಹುಪಾಲು ಮುಖಪುಟಗಳು ಕೆಡುವುದು ಕುಂಚ ಬಣ್ಣಕ್ಕೆ ಇಳಿಯುವ ಮೊದಲೇ!

1915ರ ಅಕ್ಟೋಬರ್ 25. ಯುರೋಪಿನ ತುಂಬ ಯುದ್ಧ. ಪ್ರಾಗ್ ನಗರದಲ್ಲಿ, ಕಾರ್ಮಿಕರ ಅಪಘಾತ ವಿಮೆ ನೋಡಿಕೊಳ್ಳುವ ಕಚೇರಿಯ ಅಧಿಕಾರಿಯೊಬ್ಬ ತನ್ನ ಪ್ರಕಾಶಕರಿಗೆ ಕಾಗದ ಬರೆಯುತ್ತಿದ್ದಾನೆ. ಅವನದೊಂದು ನೀಳ್ಗತೆ ಪುಸ್ತಕವಾಗಿ ಬರಲಿದೆ. ಒಟೊಮಾರ್ ಸ್ಟಾರ್ಕೆ ಎಂಬ ಕಲಾವಿದ ಮುಖಪುಟ ಬರೆಯುತ್ತಾನಂತೆ ಎಂಬ ಸುದ್ದಿ ಬಂದಿದೆ. ಹಿಗ್ಗಬೇಕಾದ ಲೇಖಕನಿಗೆ ದಿಗಿಲು ಹತ್ತಿದೆ.

ಕತೆಯಲ್ಲಿ ಊರೂರು ಸುತ್ತುವ ಸೇಲ್ಸ್‌ಮನ್ ಒಬ್ಬ ಬೆಳಗಾಗೆದ್ದು ನೋಡಿದರೆ ದೊಡ್ಡ ಹುಳವಾಗಿಬಿಟ್ಟಿದ್ದಾನೆ. ಈ ಕಲಾವಿದ ಆ ಹುಳವನ್ನೇ ಬರೆದುಬಿಟ್ಟರೆ?

ಅದೊಂದು ಬೇಡ, ದಯವಿಟ್ಟು ಬೇಡ ಎಂದು ಫ್ರಾನ್ಜ್ ಕಾಫ್ಕಾ ಗೋಗರೆದ. ಹುಳವನ್ನು ದೂರದಿಂದಲೂ ತೋರಿಸಕೂಡದು ಎಂದ. ಹಾಗಾದರೆ ಏನು ಬರೆಯಬಹುದು? ಅದಕ್ಕೂ ಎರಡು ಸಲಹೆ ಕೊಟ್ಟ. ಮುಚ್ಚಿದ ಬಾಗಿಲ ಮುಂದೆ ತಂದೆತಾಯಿ ಮತ್ತು ಕಚೇರಿಯ ಮೇಲಧಿಕಾರಿ. ಇಲ್ಲವೇ, ಇನ್ನೂ ಒಳ್ಳೆಯದು: ದೀಪ ಹಚ್ಚಿದ ಕೋಣೆಯಲ್ಲಿ ತಂದೆ, ತಾಯಿ, ತಂಗಿ, ಪಕ್ಕದ ಕತ್ತಲ ಕೋಣೆಗೆ ತೆರೆದ ಬಾಗಿಲು.

ಸ್ಟಾರ್ಕೆ ಬರೆದದ್ದು ಇವೆರಡೂ ಅಲ್ಲ. ಮನೆಯಲ್ಲಿ ತೊಡುವ ನಿಲುವಂಗಿಯ ಮನುಷ್ಯನೊಬ್ಬ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಇತ್ತ ನಡೆದುಬರುತ್ತಿದ್ದಾನೆ. ಅವನ ಹಿಂದೆ ಅರೆ ತೆರೆದ ಬಾಗಿಲು, ಒಳಗೆ ಕತ್ತಲು. ಬಣ್ಣವಿಲ್ಲ, ಬರೀ ಕಪ್ಪು ಬಿಳುಪು. ಆ ಬಾಗಿಲ ಹಿಂದೆ ಏನಿದೆ ಎಂದು ತಿಳಿಯಲು ಪುಸ್ತಕ ಬಿಚ್ಚದೆ ದಾರಿಯಿಲ್ಲ. ನೂರು ವರ್ಷ ದಾಟಿದರೂ ಆ ಬಾಗಿಲು ಹಳತಾಗಿಲ್ಲ.

ಆಮೇಲೆ ಬಂದ ಎಷ್ಟೋ ಆವೃತ್ತಿಗಳು, ಎಷ್ಟೋ ಭಾಷೆಗಳಲ್ಲಿ, ಮುಖಪುಟದ ತುಂಬ ಜಿರಳೆ ಹರಿಯಬಿಟ್ಟಿವೆ. ಲೇಖಕ ಕೈಮುಗಿದು ಬೇಡವೆಂದಿದ್ದನ್ನೇ ಮಾಡಿವೆ.

ಪುಸ್ತಕ ಬರೆದವರು ಮುಖಪುಟಕ್ಕೆ ಏನು ಮಾಡಬೇಕು ಎಂದು ಕೇಳುವವರಿಗೆ ನಾನು ಕೊಡುವ ಮಾದರಿ ಈ ಕಾಗದ. ಚಿತ್ರ ಹೇಗಿರಬೇಕೆಂದು ಅದರಲ್ಲಿ ಹಟವಿಲ್ಲ. ಯಾವುದು ಬಂದರೆ ಪುಸ್ತಕ ಸಾಯುತ್ತದೆ ಎಂಬ ಒಂದೇ ಒಂದು ತಿಳಿವಳಿಕೆ ಇದೆ. ಲೇಖಕನಿಗೆ ಮಾತ್ರ ಗೊತ್ತಿರಬಹುದಾದದ್ದು ಅದು. ಮಿಕ್ಕಿದ್ದು ಕಲಾವಿದನ ಕೆಲಸ.

ನಮ್ಮಲ್ಲಿ ಆಗುವುದು ಇದರ ಉಲ್ಟಾ.

ರಾಜ್ಯೋತ್ಸವದ ತಿಂಗಳ ಯಾವ ಭಾನುವಾರವಾದರೂ ಫೇಸ್‌ಬುಕ್ ತೆರೆಯಿರಿ. ಈಗ ಪುಸ್ತಕ ಬಿಡುಗಡೆಗಿಂತ ಮೊದಲು ‘ಮುಖಪುಟ ಬಿಡುಗಡೆ’ ಎಂಬ ಹೊಸ ಹಬ್ಬವಿದೆ. ಒಂದು ಚಿತ್ರ ಹಾಕಿದ ಗಳಿಗೆಯಲ್ಲೇ ಅಭಿನಂದನೆಗಳ ಮಳೆ. ‘ಮುಖಪುಟ ಅದ್ಭುತ ಸರ್’ ಎಂದವರಲ್ಲಿ ಎಷ್ಟು ಮಂದಿ ಪುಸ್ತಕ ಕೊಳ್ಳುತ್ತಾರೆ ಎಂಬ ಲೆಕ್ಕ ಬೇರೆ. ಆ ಅದ್ಭುತದ ಒಳಗೆ ಏನೇನಿದೆ ನೋಡಿ. ಮುಳುಗುವ ಸೂರ್ಯ, ಒಂಟಿ ಮರ, ಹಾರುವ ಹಕ್ಕಿ, ಹಳೇ ತೊಟ್ಟಿಮನೆ, ಮೂಲೆಯಲ್ಲೊಂದು ಹೆಣ್ಣಿನ ಕಣ್ಣು, ಕೆಳಗೆ ಬರೆಯುವ ಕೈ. ಮದುವೆ ಕರೆಯೋಲೆಯಲ್ಲಿ ಸುಖಾಗಮನ ಬಯಸುವ ನೆಂಟರಂತೆ ಕತೆಯ ಸಂಗತಿಗಳೆಲ್ಲ ಒತ್ತಾಗಿ ನಿಂತಿರುತ್ತವೆ.

ಇದು ಕಲಾವಿದನ ಆಯ್ಕೆ ಅಲ್ಲ. ‘ಸರ್, ಆ ತೆಂಗಿನಮರ ಇರಲಿ, ಅದು ಹದಿನಾಲ್ಕನೇ ಅಧ್ಯಾಯದಲ್ಲಿ ಬರುತ್ತೆ’ ಎಂಬ ಫೋನ್ ಕರೆಯ ಫಲ. ಲೇಖಕನಿಗೆ ತನ್ನ ಪುಸ್ತಕದಲ್ಲಿ ಎಲ್ಲವೂ ಮುಖ್ಯ. ಓದುಗನಿಗೆ ಮುಖಪುಟದಲ್ಲಿ ಒಂದೇ ಕಾಣಬೇಕು.

ಲೇಖಕನೇ ಚಿತ್ರ ಬರೆದರೋ? ಅದಕ್ಕೂ ಉದಾಹರಣೆ ಇದೆ. ಆಕ್ಸ್‌ಫರ್ಡಿನ ಪ್ರೊಫೆಸರ್ ಜೆ. ಆರ್. ಆರ್. ಟೋಲ್ಕಿನ್ 1937ರಲ್ಲಿ ತಮ್ಮ ‘ದಿ ಹಾಬಿಟ್’ಗೆ ತಾವೇ ಹೊರಹೊದಿಕೆ ಬರೆದರು. ಮುಂಬದಿಯಿಂದ ಹಿಂಬದಿಯವರೆಗೆ ಒಂದೇ ಸಮನೆ ಹಬ್ಬಿದ ಬೆಟ್ಟಸಾಲು, ಕಾಡಿನ ನಡುವೆ ನೇರ ದಾರಿ, ಒಂದು ಕಡೆ ಸೂರ್ಯ, ಇನ್ನೊಂದು ಕಡೆ ಚಂದ್ರ. ಸುತ್ತ ಅಂಚಿನಲ್ಲಿ ಪ್ರಾಚೀನ ರೂನ್ ಲಿಪಿಯ ಬರಹ.

ಸೂರ್ಯ ಕೆಂಪಗಿರಬೇಕು ಎಂದು ಅವರ ಆಸೆ. ಆದರೆ ಹಸಿರು, ನೀಲಿ, ಕಪ್ಪಿನ ಜತೆ ಕೆಂಪೂ ಬಂದರೆ ನಾಲ್ಕು ಬಣ್ಣ, ಖರ್ಚು ಹೆಚ್ಚು ಎಂದು ಪ್ರಕಾಶಕರಾದ ಆಲನ್ ಅಂಡ್ ಅನ್ವಿನ್ ಕೆಂಪನ್ನು ಕಿತ್ತುಹಾಕಿತು. ಸೂರ್ಯ ಬೆಳ್ಳಗಾದ. ಮೊದಲ ಮುದ್ರಣ 1,500 ಪ್ರತಿ. ಅಷ್ಟಕ್ಕೆ ಇನ್ನೊಂದು ಬಣ್ಣ ಕೊಡದ ಪ್ರಕಾಶಕರ ಲೆಕ್ಕಾಚಾರ ಕನ್ನಡದ ಯಾವ ಲೇಖಕನಿಗೂ ಹೊಸದಾಗಿ ಕಾಣಲಿಕ್ಕಿಲ್ಲ.

ಟೋಲ್ಕಿನ್ ಕತೆಯ ಸ್ವಾರಸ್ಯ ಇರುವುದು ಮುಂದೆ. 1965ರಲ್ಲಿ ಅಮೆರಿಕದ ಬ್ಯಾಲಂಟೈನ್ ಸಂಸ್ಥೆ ಅದೇ ಪುಸ್ತಕದ ಅಗ್ಗದ ಆವೃತ್ತಿ ತಂದಿತು. ಮುಖಪುಟ ಮಾಡಿದ ಕಲಾವಿದೆ ಬಾರ್ಬರಾ ರೆಮಿಂಗ್ಟನ್ ಅವರಿಗೆ ಪುಸ್ತಕ ಓದಲು ಸಮಯವೇ ಸಿಕ್ಕಿರಲಿಲ್ಲ. ಚಿತ್ರದಲ್ಲಿ ಒಂದು ಸಿಂಹ, ಎಮು ಹಕ್ಕಿಗಳು, ಗುಲಾಬಿ ಬಣ್ಣದ ಉಂಡೆ ಉಂಡೆ ಹಣ್ಣು ಬಿಟ್ಟ ಗಿಡ! ಕತೆಯಲ್ಲಿ ಸಿಂಹವೂ ಇಲ್ಲ, ಎಮುವೂ ಇಲ್ಲ. ಇದು ಯಾವ ಜಾಗ, ಎಮು ಏಕೆ ಬಂತು, ಮುಂದಿರುವ ಆ ಗುಲಾಬಿ ಉಂಡೆಗಳೇನು ಎಂದು ಟೋಲ್ಕಿನ್ ಪತ್ರದಲ್ಲಿ ಸಿಡಿಮಿಡಿಗೊಂಡರು. ಮುಂದಿನ ಮುದ್ರಣಗಳಲ್ಲಿ ಸಿಂಹ ಮಾಯವಾಯಿತು. ಎಮುಗಳು ಉಳಿದವು.

ಪ್ರತಿಭಾವಂತ ಕಲಾವಿದೆಯೇ. ಆದರೆ ಹಸ್ತಪ್ರತಿ ಕೈಗೆ ಸಿಗದಿದ್ದರೆ ಯಾರಾದರೂ ಎಮು ಬರೆಯಬೇಕಾಗುತ್ತದೆ. ಹಾಗಾಗಿ ಲೇಖಕರೇ, ‘ಹೆಸರು ಹೇಳ್ತೀನಿ, ಒಂದು ಕವರ್ ಮಾಡಿಕೊಡಿ’ ಎನ್ನುವ ಮುನ್ನ ಕನಿಷ್ಠ ಮೂರು ಅಧ್ಯಾಯ ಕಳುಹಿಸಿ.

ಬೇಗ ಕಳುಹಿಸಿದರೆ ಲಾಭವೂ ಉಂಟು. ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಮುಖಪುಟವನ್ನು ಫ್ರಾನ್ಸಿಸ್ ಕುಗಾಟ್ ಬರೆದಾಗ ಕಾದಂಬರಿ ಇನ್ನೂ ಮುಗಿದಿರಲಿಲ್ಲ. ಕಡುನೀಲಿ ಆಕಾಶದಲ್ಲಿ ತೇಲುವ ಎರಡು ದುಃಖದ ಕಣ್ಣು, ಕೆಂಪು ತುಟಿ, ಕೆಳಗೆ ಝಗಮಗಿಸುವ ನಗರ. ಲೇಖಕ ಫಿಟ್ಜ್‌ಜೆರಾಲ್ಡ್ ಅದನ್ನು ಎಷ್ಟು ಹಚ್ಚಿಕೊಂಡನೆಂದರೆ, ಆ ಚಿತ್ರ ಬೇರೆ ಯಾರಿಗೂ ಕೊಡಬೇಡಿ, ನಾನದನ್ನು ಕಾದಂಬರಿಯೊಳಗೇ ಬರೆದುಬಿಟ್ಟಿದ್ದೇನೆ ಎಂದು ಸಂಪಾದಕನಿಗೆ ತಿಳಿಸಿದ. 1925ರ ಏಪ್ರಿಲ್‌ನಲ್ಲಿ ಪುಸ್ತಕ ಬಂತು. ಗೆಳೆಯ ಹೆಮಿಂಗ್ವೆಗೆ ಆ ಹೊದಿಕೆ ಕಂಡರಾಗಲಿಲ್ಲ, ತೆಗೆದಿಟ್ಟು ಓದಿದನಂತೆ. ಇಂದು ಆ ಕಣ್ಣುಗಳನ್ನು ಬಿಟ್ಟು ಆ ಕಾದಂಬರಿಯನ್ನು ನೆನೆಯುವುದೇ ಕಷ್ಟ.

■ ಆರು ಪೆನ್ಸಿಗೊಂದು ಹಕ್ಕಿ
*ಚಿತ್ರವೇ ಇಲ್ಲದ ಮುಖಪುಟವೂ ಗೆದ್ದಿದೆ. 1935ರ ಜುಲೈಯಲ್ಲಿ ಆಲೆನ್ ಲೇನ್ ಲಂಡನ್ನಿನಲ್ಲಿ ಪೆಂಗ್ವಿನ್ ಮಾಲೆಯ ಮೊದಲ ಹತ್ತು ಪುಸ್ತಕ ತಂದಾಗ ಬೆಲೆ ಆರು ಪೆನ್ಸ್. ಮುಖಪುಟದಲ್ಲಿ ಅಡ್ಡಡ್ಡ ಮೂರು ಪಟ್ಟಿ ಅಷ್ಟೇ. ಕಿತ್ತಳೆ ಇದ್ದರೆ ಕಾದಂಬರಿ, ಹಸಿರಿದ್ದರೆ ಪತ್ತೇದಾರಿ, ಕಡುನೀಲಿ ಇದ್ದರೆ ಜೀವನಚರಿತ್ರೆ. ವಿನ್ಯಾಸ ಮಾಡಿದ ಎಡ್ವರ್ಡ್ ಯಂಗ್‌ಗೆ ಆಗ 21 ವರ್ಷ. ಲಾಂಛನಕ್ಕಾಗಿ ಅವನು ಮೃಗಾಲಯಕ್ಕೆ ಹೋಗಿ ಪೆಂಗ್ವಿನ್‌ಗಳನ್ನು ನೋಡಿ ಬರೆದುಕೊಂಡು ಬಂದ.*

ನಮ್ಮ ದೇಶಕ್ಕೆ ಬಂದರೆ, ಮುಖಪುಟದ ಪಾಠಶಾಲೆ ಎನ್ನಬಹುದಾದ ಒಬ್ಬರಿದ್ದಾರೆ. ಸಿನಿಮಾ ಮಾಡುವ ಮೊದಲು ಸತ್ಯಜಿತ್ ರಾಯ್ ಕಲ್ಕತ್ತೆಯ ಜಾಹೀರಾತು ಕಂಪನಿ ಡಿ. ಜೆ. ಕೀಮರ್‌ನಲ್ಲಿದ್ದರು. 1943ರಲ್ಲಿ ಸೇರಿದಾಗ ಸಂಬಳ 80 ರೂಪಾಯಿ. ಅದೇ ಕಾಲಕ್ಕೆ ಡಿ. ಕೆ. ಗುಪ್ತ ಶುರುಮಾಡಿದ ಸಿಗ್ನೆಟ್ ಪ್ರೆಸ್‌ಗೆ ಮುಖಪುಟ ಬರೆಯತೊಡಗಿದರು. ‘ಪಥೇರ್ ಪಾಂಚಾಲಿ’ಯ ಮಕ್ಕಳ ಆವೃತ್ತಿಗೆ ಚಿತ್ರ ಬರೆಯುತ್ತಾ ಬರೆಯುತ್ತಾ ಇದನ್ನು ಸಿನಿಮಾ ಮಾಡಬಹುದಲ್ಲ ಎನ್ನಿಸಿತು. ಭಾರತೀಯ ಚಿತ್ರರಂಗದ ಆ ದೊಡ್ಡ ಸಿನಿಮಾದ ಬೀಜ ಹೀಗೆ ಒಂದು ಪುಸ್ತಕದ ಚಿತ್ರಗಳಲ್ಲಿದೆ.

ಜಿಮ್ ಕಾರ್ಬೆಟ್‌ನ ಕುಮಾವೂ ನರಭಕ್ಷಕಗಳ ಬಂಗಾಳಿ ಅನುವಾದಕ್ಕೆ ರಾಯ್ ಮಾಡಿದ ಮುಖಪುಟವನ್ನು ನೋಡಬೇಕು. ಬೇರೆ ಯಾರೇ ಆಗಿದ್ದರೂ ಬಾಯಿ ತೆರೆದ ಹುಲಿ, ಬಂದೂಕು, ಹ್ಯಾಟು ಹಾಕಿದ ದೊರೆಯನ್ನು ಬರೆಯುತ್ತಿದ್ದರು. ರಾಯ್ ಪುಸ್ತಕದ ಸುತ್ತ ಹುಲಿಯ ಪಟ್ಟೆಪಟ್ಟೆ ಚರ್ಮವನ್ನೇ ಹೊದಿಸಿದರು. ಮುಂಬದಿಯಲ್ಲಿ ಗುಂಡು ಹೊಕ್ಕ ಚಿಕ್ಕ ತೂತು. ಹಿಂಬದಿಯಲ್ಲಿ ಅದೇ ಗುಂಡು ಹೊರಬಿದ್ದ ದೊಡ್ಡ ತೂತು. ಆ ತೂತುಗಳೊಳಗೇ ಬರಹ. ಗುಂಡು ಹೋದದ್ದು ಎಲ್ಲಿಂದ? ಪುಸ್ತಕದ ನಡುವಿನಿಂದ!

ಇದರಲ್ಲಿ ಮೂರು ಸೂಕ್ಷ್ಮಗಳಿವೆ. ಹುಲಿ ಇಡಿಯಾಗಿ ಇಲ್ಲ, ಆದರೂ ಹುಲಿ ಕೈಯಲ್ಲಿದೆ. ಮುಂದೆ, ಬೆನ್ನು, ಹಿಂದೆ ಎಂದು ಮೂರು ತುಂಡಾಗಿ ನೋಡದೆ ಹೊದಿಕೆಯನ್ನು ಒಂದೇ ಹಾಳೆ ಎಂದು ನೋಡಿದ್ದು. ಮೂರನೆಯದು, ಗುಂಡು ಹೊರಬೀಳುವ ತೂತು ದೊಡ್ಡದಿರುತ್ತದೆ ಎಂಬ ಬೇಟೆಗಾರನ ತಿಳಿವಳಿಕೆ. ಪುಸ್ತಕದೊಳಗಿನ ಇಂಥ ಒಂದು ಖಚಿತ ವಿವರವೇ ಮುಖಪುಟದ ಜೀವ. ಅದನ್ನು ಹುಡುಕಿ ಕಲಾವಿದನ ಕಿವಿಗೆ ಹಾಕುವವರು ಲೇಖಕರಾಗಬೇಕು. ಮುಂದೆ ರಾಯ್ ತಾವೇ ಫೆಲೂದಾ ಪತ್ತೇದಾರಿ ಕತೆಗಳನ್ನು ಬರೆದಾಗ ಮುಖಪುಟ, ಒಳಚಿತ್ರ, ಅಕ್ಷರ ಎಲ್ಲ ಅವರದೇ.

ಕನ್ನಡದಲ್ಲಿ ಅಂಥ ಹುಚ್ಚು ಶಿವರಾಮ ಕಾರಂತರಿಗಿತ್ತು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ಇಟ್ಟು ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಹಾಕಿದವರು ಅವರು. ಕುಂಚವೂ ಅವರ ಕೈಗೆ ಒಗ್ಗಿತ್ತು. ಪೂರ್ಣಚಂದ್ರ ತೇಜಸ್ವಿ ‘ಪುಸ್ತಕ ಪ್ರಕಾಶನ’ ಕಟ್ಟಿಕೊಂಡು ಮೂಡಿಗೆರೆಯ ಕಾಡಿನಿಂದಲೇ ಪುಸ್ತಕ ತಂದರು. ‘ಮಿಂಚುಳ್ಳಿ’, ‘ಹೆಜ್ಜೆ ಮೂಡದ ಹಾದಿ’ಯ ಹಕ್ಕಿಗಳು ಅವರದೇ ಕ್ಯಾಮೆರಾಕ್ಕೆ ಸಿಕ್ಕವು. ಇಬ್ಬರಿಗೂ ಪುಸ್ತಕವೆಂದರೆ ಬರೆದು ಕೈತೊಳೆದುಕೊಳ್ಳುವ ವಸ್ತು ಆಗಿರಲಿಲ್ಲ.

ಲೆಟರ್‌ಪ್ರೆಸ್ ಕಾಲದಲ್ಲಿ ಮುಖಪುಟಕ್ಕೆ ಬ್ಲಾಕ್ ಮಾಡಿಸಬೇಕಿತ್ತು. ಒಂದೊಂದು ಬಣ್ಣಕ್ಕೂ ಒಂದೊಂದು ಬ್ಲಾಕ್, ಯಂತ್ರಕ್ಕೆ ಒಂದೊಂದು ಸುತ್ತು. ಹಾಗಾಗಿ ಎರಡೇ ಬಣ್ಣದಲ್ಲಿ ಮುಗಿಸುವ ಜಾಣ್ಮೆ ಕಲಾವಿದರಿಗೆ ಬಂದಿತ್ತು. ಕಾಗದದ ಬಿಳುಪೇ ಮೂರನೇ ಬಣ್ಣ. ಈಗ ಕಂಪ್ಯೂಟರಿನಲ್ಲಿ ಲಕ್ಷಾಂತರ ಬಣ್ಣ ಪುಕ್ಕಟೆ ಸಿಗುತ್ತದೆ, ಜಾಣ್ಮೆ ಮಾತ್ರ ದುಬಾರಿಯಾಗಿದೆ.

ಆ ಕಾಲದ ಇನ್ನೊಂದು ಸೊಗಸು ಕೈಬರಹದ ಶೀರ್ಷಿಕೆ. ಕನ್ನಡ ಮುಖಪುಟದ ಅತಿ ಕಷ್ಟದ ಕೆಲಸ ಇದು, ಇಂಗ್ಲಿಷಿನ ವಿನ್ಯಾಸಕಾರರಿಗೆ ಇದರ ಬಿಸಿ ಗೊತ್ತಿಲ್ಲ. ರೋಮನ್ ಅಕ್ಷರ ಸಾಲು ಬಿಟ್ಟು ಹೆಚ್ಚು ಕದಲುವುದಿಲ್ಲ. ಕನ್ನಡಕ್ಕೆ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು, ಬಲಕ್ಕೆ ಕೊಂಬು, ದೀರ್ಘ. ‘ಚೋಮನ ದುಡಿ’, ‘ಕುಸುಮಬಾಲೆ’ ಎಂಬ ಹೆಸರುಗಳು ಸಿಕ್ಕರೆ ಕಲಾವಿದ ಪುಣ್ಯವಂತ, ಒಂದೂ ಒತ್ತಿಲ್ಲ. ‘ಸ್ವಪ್ನ ಸಾರಸ್ವತ’ದಲ್ಲಿ ಮೂರು.

‘ಮಲೆಗಳಲ್ಲಿ ಮದುಮಗಳು’ ಎಂಬುದನ್ನು ಒಂದರ ಕೆಳಗೊಂದು ಎರಡು ಸಾಲಾಗಿ ಬರೆದು ನೋಡಿ. ಮೇಲೂ ಐದಕ್ಷರ, ಕೆಳಗೂ ಐದಕ್ಷರ. ಮೇಲಿನ ‘ಲ್ಲಿ’ಯ ಒತ್ತು ನೇರ ಬಂದು ಕೆಳಗಿನ ‘ಳು’ವಿನ ತಲೆಯ ಮೇಲೆ ಕೂರುತ್ತದೆ. ಅಕ್ಷರ ಕಲಿತ ಕಲಾವಿದ ಆ ಒತ್ತನ್ನು ಬಳ್ಳಿಯಂತೆ ತಿರುಗಿಸಿ ಅದರಿಂದಲೇ ಚಂದ ಹುಟ್ಟಿಸುತ್ತಾನೆ. ಬರೀ ಕೀಲಿಮಣೆ ಗೊತ್ತಿದ್ದವನು ಎರಡು ಸಾಲಿನ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಡುತ್ತಾನೆ.

ಹಾಗೆಂದು ಕಂಪ್ಯೂಟರ್ ಅಕ್ಷರ ಬೇಡವೆಂದಲ್ಲ. ಹಿಂದೆ ಯುನಿಕೋಡ್ ಕನ್ನಡ ವಿನ್ಯಾಸದ ತಂತ್ರಾಂಶಗಳಲ್ಲಿ ಒಡೆದು ಚೂರಾಗುತ್ತಿತ್ತು. ಎಲ್ಲರೂ ನುಡಿ, ಬರಹದ ಅವೇ ನಾಲ್ಕು ಅಕ್ಷರಗಳಿಗೆ ಜೋತುಬಿದ್ದದ್ದರಿಂದ ಪುಸ್ತಕಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಂಡವು. ಈಗ ಹುಬ್ಬಳ್ಳಿ, ಬೆಣ್ಣೆ, ಬಲೂ ತಮ್ಮ, ಅಕಾಯಾ ಕನ್ನಡಕ, ಅನೇಕ್ ಕನ್ನಡ ಎಂಬ ಮುಕ್ತ ಫಾಂಟುಗಳು ಯಾರಿಗಾದರೂ ಸಿಗುತ್ತವೆ. ಶೀರ್ಷಿಕೆಗೆ ಇಂಥದೊಂದನ್ನು ಆರಿಸಿ, ಆಮೇಲೆ ಒತ್ತು, ದೀರ್ಘಗಳನ್ನು ಕೈಯಿಂದ ತಿದ್ದಿಸಿ. ಮುಖಪುಟದಲ್ಲಿ ಎರಡಕ್ಕಿಂತ ಹೆಚ್ಚು ಬಗೆಯ ಅಕ್ಷರ ಬಂದರೆ ಅದು ಸಂತೆಯ ಬ್ಯಾನರ್.

ಚಂದ್ರನಾಥ ಆಚಾರ್ಯ, ಪ. ಸ. ಕುಮಾರ್ ಅವರಿಂದ ಇಂದಿನ ಅಪಾರ ಅವರವರೆಗೆ ಕನ್ನಡದ ಒಳ್ಳೆಯ ಮುಖಪುಟಕಾರರನ್ನು ನೋಡಿ. ಅವರ ಕೆಲಸದಲ್ಲಿ ಹೆಸರು ಮತ್ತು ಚಿತ್ರ ಬೇರೆಬೇರೆ ದಿನ ಹುಟ್ಟಿದಂತೆ ಕಾಣುವುದಿಲ್ಲ. ಅಪಾರ ಸ್ವತಃ ಕವಿ. ಪುಸ್ತಕ ಓದಬಲ್ಲವನ ಕೈಯಲ್ಲಿ ಮುಖಪುಟದ ದಾರಿಯೇ ಬೇರೆ.

ಇನ್ನು ಅಂಗಡಿ. ಕನ್ನಡ ಪುಸ್ತಕಗಳ ಬಹುಪಾಲು ದಶಕಗಳ ಕಾಲ ಗ್ರಂಥಾಲಯದ ಸಗಟು ಖರೀದಿಯನ್ನು ನಂಬಿ ಬದುಕಿತು. ಮುಖ ನೋಡಿ ಕೊಳ್ಳುವವರಿಲ್ಲದಿದ್ದ ಮೇಲೆ ಮುಖಕ್ಕೆ ಯಾಕೆ ಖರ್ಚು ಎಂಬ ಉದಾಸೀನ ಬೆಳೆದದ್ದು ಅಲ್ಲೇ ಎಂದು ನನ್ನ ಅನುಮಾನ. ಈಗ ಓದುಗ ಪುಸ್ತಕವನ್ನು ಮೊದಲು ನೋಡುವುದು ಮೊಬೈಲಿನಲ್ಲಿ, ಹೆಬ್ಬೆರಳ ಉಗುರಿನಷ್ಟು ಚಿತ್ರವಾಗಿ. ಆದ್ದರಿಂದ ಕಲಾವಿದರು ಕಳಿಸಿದ ಚಿತ್ರವನ್ನು ದೊಡ್ಡದು ಮಾಡಿ ಮೆಚ್ಚಬೇಡಿ. ಚಿಕ್ಕದು ಮಾಡಿ ನೋಡಿ. ಹೆಸರು ಓದಲು ಬಂದರೆ ಪಾಸು.

ಮುಖಪುಟದ ಮೇಲೆ ‘ಹೃದಯಸ್ಪರ್ಶಿ ಸಾಮಾಜಿಕ ಕಾದಂಬರಿ’ ಎಂದು ಅಚ್ಚು ಹಾಕಿಸುವ ಚಾಳಿ ಇನ್ನೂ ಹೋಗಿಲ್ಲ. ಹೃದಯ ಓದುಗನದು, ಅವನು ನೋಡಿಕೊಳ್ಳುತ್ತಾನೆ.

ಬೆನ್ನಿನ ಬದಿ ನಮ್ಮವರು ಪೂರ್ತಿ ಮರೆತ ಜಾಗ. ಕಪಾಟಿನಲ್ಲಿ ನಿಂತ ಪುಸ್ತಕದ ಮುಖ ಯಾರಿಗೂ ಕಾಣದು, ಬೆನ್ನೊಂದೇ ಗತಿ. ಹೆಸರನ್ನು ಮೇಲಿನಿಂದ ಕೆಳಕ್ಕೆ ಬರೆಯಿಸಿ. ಪುಸ್ತಕವನ್ನು ಮೇಜಿನ ಮೇಲೆ ಮುಖ ಮೇಲಾಗಿ ಮಲಗಿಸಿದರೆ ಅದು ನೆಟ್ಟಗೆ ಓದಿಸಿಕೊಳ್ಳುತ್ತದೆ.

ಹಿಂಬದಿಗೆ ಬಂದರೆ ಅಲ್ಲಿ ಲೇಖಕರ ಪಾಸ್‌ಪೋರ್ಟ್ ಫೋಟೊ, ಹುಟ್ಟೂರು, ಪ್ರಶಸ್ತಿಗಳ ಪಟ್ಟಿ, ಕೆಳಗೆ ಹಿರಿಯರೊಬ್ಬರ ಆಶೀರ್ವಾದ. ಅಮೆರಿಕದ ಜೆ. ಡಿ. ಸ್ಯಾಲಿಂಜರ್ ‘ದಿ ಕ್ಯಾಚರ್ ಇನ್ ದ ರೈ’ ಬಂದ 1951ರಲ್ಲೇ ಹಿಂಬದಿಯ ತನ್ನ ಫೋಟೊ ತೆಗೆಸಿಹಾಕಿದ. ಮೂರನೇ ಮುದ್ರಣದಿಂದ ಅದು ಮಾಯ. ಅಷ್ಟು ವೈರಾಗ್ಯ ಬೇಡ. ಆದರೆ ಬೆನ್ನುಡಿಯ ಮೊದಲ ಎರಡು ವಾಕ್ಯ ಪುಸ್ತಕದ ಬಗ್ಗೆ ಇರಲಿ, ಬರೆದವರ ಬಗ್ಗೆ ಅಲ್ಲ.

■ ಅಚ್ಚಿಗೆ ಹೋಗುವ ಮುನ್ನ
*ಬೆನ್ನಿನ ದಪ್ಪ: 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದದ 200 ಪುಟಕ್ಕೆ ಸುಮಾರು 9ರಿಂದ 10 ಮಿಲಿಮೀಟರ್. ಪುಟಗಳ ಲೆಕ್ಕ ಖಚಿತವಾಗದೆ ಮುಖಪುಟ ಅಚ್ಚು ಹಾಕಿಸಬೇಡಿ. ಮುನ್ನುಡಿ ಬರೆಯುವವರು ತಡಮಾಡಿ, ಎಂಟು ಪುಟ ಹೆಚ್ಚು ಬರೆದು, ಹೆಸರನ್ನು ಬೆನ್ನಿನಿಂದ ಜಾರಿಸಿದ ಪುಸ್ತಕಗಳು ನಮ್ಮಲ್ಲಿ ಕಮ್ಮಿಯಿಲ್ಲ.*
*ಅಂಚು: ಕತ್ತರಿಸುವಾಗ ಬಿಳಿ ಗೆರೆ ಉಳಿಯದಂತೆ ಚಿತ್ರ ಸುತ್ತಲೂ 3 ಮಿಲಿಮೀಟರ್ ಹೊರಗೆ ಚಾಚಿರಲಿ. ಚಿತ್ರದ ಸಾಂದ್ರತೆ ಇಂಚಿಗೆ 300 ಚುಕ್ಕಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಸಾಲದು.*
*ಬಣ್ಣ: ಪರದೆಯ ಮೇಲೆ ಹೊಳೆಯುವ ನೀಲಿ, ಹಸಿರು ಅಚ್ಚಿನ ನಾಲ್ಕು ಶಾಯಿಯಲ್ಲಿ ಮಂಕಾಗುತ್ತವೆ. ಕಾಗದದ ಮೇಲೆ ಒಂದು ಪ್ರತಿ ತೆಗೆಸಿ ನೋಡಿಯೇ ಒಪ್ಪಿಗೆ ಕೊಡಿ.*
*ಹಕ್ಕು: ಭಾರತದಲ್ಲಿ ಚಿತ್ರಕಲೆಯ ಹಕ್ಕು ಕಲಾವಿದ ತೀರಿಕೊಂಡ ನಂತರವೂ 60 ವರ್ಷ ಉಳಿಯುತ್ತದೆ. 1906ರಲ್ಲಿ ತೀರಿಕೊಂಡ ರವಿವರ್ಮನ ಚಿತ್ರ ಬಳಸಿಕೊಳ್ಳಬಹುದು. ಗೂಗಲ್‌ನಲ್ಲಿ ಕಂಡದ್ದೆಲ್ಲ ನಮ್ಮದಲ್ಲ.*

ಈಚೆಗೆ ಇನ್ನೊಂದು ಅಡ್ಡದಾರಿ ತೆರೆದಿದೆ. ಕೃತಕ ಬುದ್ಧಿಮತ್ತೆಗೆ ನಾಲ್ಕು ಮಾತು ಹೇಳಿದರೆ ನಿಮಿಷದಲ್ಲಿ ಮುಖಪುಟ ಸಿದ್ಧ. ಮಂಜು ಮುಸುಕಿದ ಮಲೆನಾಡು, ಬೆನ್ನು ತಿರುಗಿಸಿ ನಿಂತ ಹೆಣ್ಣು, ಎಲ್ಲಿಂದಲೋ ಬರುವ ಹೊಂಬೆಳಕು. ನೋಡಲು ಕೆಟ್ಟದ್ದೇನಲ್ಲ. ಆದರೆ ಆ ಹೊಂಬೆಳಕು ಪಕ್ಕದ ಲೇಖಕನ ಪುಸ್ತಕದ ಮೇಲೂ ಬಿದ್ದಿರುತ್ತದೆ. ನನಗೆ ಅದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಯಂತ್ರ ನಮಗೆ ಎದುರಾಡುವುದಿಲ್ಲ. ‘ಈ ಕಾದಂಬರಿಯಲ್ಲಿ ತೆಂಗಿನಮರ ಮುಖ್ಯವಲ್ಲ ಸರ್, ಅಜ್ಜಿಯ ಬೀಗದ ಕೈ ಮುಖ್ಯ’ ಎಂದು ಅದು ಹೇಳಲಾರದು. ಪುಸ್ತಕ ಓದಿದ ಕಲಾವಿದ ಹೇಳುತ್ತಾನೆ. ಆ ಒಂದು ಮಾತಿಗಾಗಿಯೇ ಅವನಿಗೆ ದುಡ್ಡು ಕೊಡಬೇಕು.

ದುಡ್ಡಿನ ಮಾತು ಬಂತು. ಕನ್ನಡ ಪುಸ್ತಕ ಪ್ರಾಧಿಕಾರದ ‘ಪುಸ್ತಕ ಸೊಗಸು’ ಬಹುಮಾನಗಳಲ್ಲಿ ಮುಖಪುಟದ ಚಿತ್ರಕಲೆ, ವಿನ್ಯಾಸಗಳಿಗೂ ಜಾಗವಿದೆ. ಸರ್ಕಾರಕ್ಕಿರುವ ಈ ಬುದ್ಧಿ ನಮ್ಮ ಬಿಡುಗಡೆ ಸಮಾರಂಭಗಳಿಗೆ ಇನ್ನೂ ಬಂದಿಲ್ಲ. ವೇದಿಕೆಯ ಮೇಲೆ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿ, ಇನ್ನೊಬ್ಬ ಮುಖ್ಯ ಅತಿಥಿ. ಮುಖಪುಟ ಬರೆದವರು ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ, ಕರೆದಿದ್ದರೆ.

ಈ ನವೆಂಬರ್‌ನಲ್ಲಿ ಪುಸ್ತಕ ತರುತ್ತಿರುವ ಲೇಖಕರಲ್ಲಿ ಒಂದು ಕೋರಿಕೆ. ಕಾಗದ, ಅಚ್ಚು, ಬೈಂಡಿಂಗ್ ಎಂದು ಖರ್ಚಿನ ಪಟ್ಟಿ ಬರೆಯುವಾಗ ಮುಖಪುಟದ ಸಂಭಾವನೆಯನ್ನೂ ಮೊದಲೇ ಬರೆದುಕೊಳ್ಳಿ, ‘ಪುಸ್ತಕ ಮಾರಾಟವಾದ ಮೇಲೆ ನೋಡೋಣ’ ಎನ್ನಬೇಡಿ. ಹಕ್ಕುಗಳ ಪುಟದಲ್ಲಿ ಅವರ ಹೆಸರು ಸರಿಯಾದ ಕಾಗುಣಿತದಲ್ಲಿ ಇದೆಯೇ ಎಂದು ಕರಡಿನಲ್ಲೇ ನೋಡಿ. ಬಿಡುಗಡೆಯಾದ ವಾರದೊಳಗೆ ಪುಸ್ತಕದ ಎರಡು ಪ್ರತಿ ಅವರ ಮನೆ ತಲುಪಲಿ.